ನಿಂತವನಿಗೆ ಹಸಿವಿಲ್ಲವಂತೆ!

ಮೊನ್ನೆ ಏಳನೇ ಇಯತ್ತೆಯಲ್ಲಿ ಬರಗಾಲದ ಪಾಠ ಮಾಡುತ್ತಿದ್ದೆ. ನಮ್ಮ ಜತ್ತ ತಾಲೂಕಿನ ಮಕ್ಕಳಿಗೆ ಬರ ಅಂದರೇನು ಅಂತ ಪುಸ್ತಕ ನೋಡಿ ಹೇಳಬೇಕಾಗಿಲ್ಲ. ಆದರೂ ಪಾಠ ಪಾಠವೇ. 1972ರ ಬರದ ಕತೆ ಹೇಳಿದೆ. ಜನ ಕಲ್ಲು ಒಡೆಯುವ ಕೆಲಸಕ್ಕೆ ಹೋದದ್ದು, ಕೆಲಸದ ಜಾಗದಲ್ಲಿ ಸುಕಡಿ ಹಂಚಿದ್ದು, ಅಮೆರಿಕದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ತಿಂದದ್ದು... ನನ್ನ ತಾಯಿ ನನಗೆ ಹೇಳಿದ್ದನ್ನೇ ಅವರಿಗೆ ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೈ ಎತ್ತಿದ.

"ಗುರುಜಿ, ಆ ಮಂದಿ ಎರಡು ಬಕೆಟ್ ನೀರು ಹಾಕಿ ಬಾವಿ ಯಾಕ ಮಾಡ್ಕೊಳ್ಳಿಲ್ರಿ?"

ನನಗೆ ತಿಳಿಯಲಿಲ್ಲ. ಎರಡು ಬಕೆಟ್ ನೀರಿನಿಂದ ಬಾವಿ ಹೇಗಾಗುತ್ತದೆ ಅಂದೆ.

"ಚೌಕ ತೆಗ್ಗು ತೋಡಬೇಕ್ರಿ. ಈ ಮೂಲಿಗೆ ಒಂದು ಬಕೆಟ್, ಎದುರಿನ ಮೂಲಿಗೆ ಒಂದು ಬಕೆಟ್. ಆಮ್ಯಾಲ ಎಷ್ಟು ತಗದ್ರೂ ನೀರು ಮುಗಿಯೂದ ಇಲ್ಲ."

ಇಡೀ ವರ್ಗ ನಕ್ಕಿತು. ಪಕ್ಕದವನು ಸೇರಿಸಿದ: "ಮತ್ತ ಒಂದ ಕಡೆ ಸುಮ್ನ ನಿಂತಿದ್ರ ಹಸಿವೂ ಆಗ್ತಿದ್ದಿಲ್ಲ ಗುರುಜಿ!"

ಅವರು ಹೇಳುತ್ತಿದ್ದದ್ದು ಮೊಬೈಲಿನ ಮೈನ್‌ಕ್ರಾಫ್ಟ್ ಆಟದ ವಿಷಯ. ನಾನೂ ನಕ್ಕೆ. ಮಕ್ಕಳ ಚೇಷ್ಟೆ ಅಂತ ಬಿಟ್ಟುಬಿಡುತ್ತಿದ್ದೆನೇನೋ. ಆದರೆ ಅದೇ ದಿನ ಮಧ್ಯಾಹ್ನ ಖಿಚಡಿ ಬಡಿಸುವಾಗ ಒಂದು ಮಾತು ಕಿವಿಗೆ ಬಿತ್ತು. ಎರಡನೇ ಸಲ ತಾಟು ಹಿಡಿದು ಬಂದ ಹುಡುಗಿಯೊಬ್ಬಳಿಗೆ ಸಾಲಿನಲ್ಲಿದ್ದ ಹುಡುಗ ಅಂದ: "ಏ ನೂಬ್, ನಿನ್ನ ಬಾರ್ ಆಗಲೇ ಖಾಲಿ ಆತೇನ?" ಆಟ ಬಾರದ ದಡ್ಡನಿಗೆ ಅವರ ಭಾಷೆಯಲ್ಲಿ ನೂಬ್ ಅನ್ನುತ್ತಾರಂತೆ. ಆ ಹುಡುಗಿ ತಾಟು ಹಾಗೆಯೇ ತೊಳೆದಿಟ್ಟು ಹೋದಳು. ಮರುದಿನ ಎರಡನೇ ಸಲ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಅವಳ ತಾಯಿ ತಂದೆ ದೀಪಾವಳಿ ಆದ ಮೇಲೆ ಕಬ್ಬು ಕಡಿಯಲು ಹೋದವರು. ಮನೆಯಲ್ಲಿ ಅಜ್ಜಿ ಮತ್ತು ಅವಳು. ಆ ಮನೆಯಲ್ಲಿ ಬೆಳಗ್ಗೆ ಒಲೆ ಹತ್ತುತ್ತದೋ ಇಲ್ಲವೋ ನನಗೆ ಗೊತ್ತು, ಬೈದ ಹುಡುಗನಿಗೂ ಗೊತ್ತು. ಅವನ ಮನೆಯ ಕತೆ ಇದಕ್ಕಿಂತ ಬೇರೆಯಲ್ಲ. ಹಾಗಿದ್ದೂ ಹಸಿವು ಅನ್ನುವುದು ದಡ್ಡರಿಗೆ ಬರುವ ರೋಗ ಅಂತ ಅವನಿಗೆ ಕಲಿಸಿದವರು ಯಾರು? ನಾನಂತೂ ಕಲಿಸಿಲ್ಲ. ಈ ಬರಹ ಆ ಸಿಟ್ಟಿನಲ್ಲಿ ಬರೆದದ್ದು. ಓದುವವರು ಕ್ಷಮಿಸಬೇಕು, ಅಥವಾ ಜಗಳಕ್ಕೆ ಬರಬೇಕು. ಎರಡೂ ನಡೆಯುತ್ತದೆ.

ಮೊದಲು ಆಟ ಏನು ಅಂತ ನೋಡೋಣ ಅಂತ ಆ ಹುಡುಗರನ್ನೇ ಗುರುಗಳನ್ನಾಗಿ ಮಾಡಿಕೊಂಡೆ. ಒಂದು ಭಾನುವಾರ ಅವರ ಜೊತೆ ಕೂತು ಕಲಿತೆ. ಆಟ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಮರ ಕಡಿಯುವುದು, ಮನೆ ಕಟ್ಟುವುದು, ಹೊಲ ಮಾಡುವುದು. ಸ್ವೀಡನ್ನಿನ ಮೊಜಾಂಗ್ ಕಂಪನಿಯವರು ಮಾಡಿದ ಇದು 2023ರ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿತ್ತು. ಅಂದರೆ ಜಗತ್ತಿನ ಒಂದು ದೊಡ್ಡ ಮಕ್ಕಳ ಗುಂಪು ಹಸಿವಿನ ಲೆಕ್ಕವನ್ನು ಮೊದಲು ನೋಡಿದ್ದು ಇಲ್ಲಿಯೇ.

ಆ ಲೆಕ್ಕ ಹೀಗಿದೆ. ಪರದೆಯ ಕೆಳಗೆ ಹತ್ತು ಕೋಳಿ ಕಾಲುಗಳ ಚಿತ್ರ. ಒಂದೊಂದು ಕಾಲಿಗೆ ಎರಡು ಅಂಕ, ಒಟ್ಟು 20. ಓಡಿದರೆ, ಹಾರಿದರೆ, ಕಲ್ಲು ಒಡೆದರೆ, ಬಡಿದಾಡಿದರೆ ಅಂಕ ಕರಗುತ್ತದೆ. 18 ಅಥವಾ ಅದಕ್ಕಿಂತ ಮೇಲಿದ್ದರೆ ಮೈಯ ಗಾಯ ತಾನಾಗಿ ಮಾಯುತ್ತದೆ. 6ಕ್ಕೆ ಇಳಿದರೆ ಓಡಲು ಆಗುವುದಿಲ್ಲ. ಸೊನ್ನೆಗೆ ಬಂದರೆ ಜೀವ ಇಳಿಯತೊಡಗುತ್ತದೆ. ಆದರೆ ಆಟ ಸುಲಭ ಮಟ್ಟದಲ್ಲಿದ್ದರೆ ಅರ್ಧ ಜೀವಕ್ಕೆ ಬಂದು ನಿಲ್ಲುತ್ತದೆ, ಸಾಧಾರಣ ಮಟ್ಟದಲ್ಲಿ ಅರ್ಧ ಹೃದಯ ಉಳಿಯುತ್ತದೆ. ಕಠಿಣ ಮಟ್ಟದಲ್ಲಿ ಮಾತ್ರ ಹಸಿವಿನಿಂದ ಸಾವು. ಈ ಹಸಿವು ಆಟದಲ್ಲಿ ಮೊದಲಿನಿಂದ ಇರಲೂ ಇಲ್ಲ. 2011ರ ಸೆಪ್ಟೆಂಬರಿನಲ್ಲಿ ಸೇರಿಸಿದ್ದು. ಅದಕ್ಕೂ ಮುಂಚೆ ತಿಂದರೆ ನೇರವಾಗಿ ಜೀವ ಏರುತ್ತಿತ್ತು, ಅಷ್ಟೇ.

ಬಾಯಾರಿಕೆಯೋ? ಇಲ್ಲವೇ ಇಲ್ಲ! ಸೀಸೆಯಲ್ಲಿ ನೀರು ತುಂಬಿ ಕುಡಿಯಬಹುದು, ಕುಡಿದರೆ ಏನೂ ಆಗುವುದಿಲ್ಲ, ಕುಡಿಯದಿದ್ದರೂ ಏನೂ ಆಗುವುದಿಲ್ಲ. ಆ ಎರಡು ಬಕೆಟ್ ಬಾವಿಯೂ ನಿಜ. ಹುಡುಗ ಹೇಳಿದ ಹಾಗೆ ತೋಡಿ, ಎದುರು ಬದುರು ಮೂಲೆಗೆ ನೀರು ಸುರಿದರೆ ಜನ್ಮದಲ್ಲಿ ಬತ್ತದ ಬಾವಿ. ಮನೆ ಮುಂದೆ ನೀಲಿ ಬ್ಯಾರೆಲ್ ಇಟ್ಟು ಟ್ಯಾಂಕರಿನ ಹಾದಿ ಕಾಯುವ ಹುಡುಗನಿಗೆ ಅದೆಂಥ ಕನಸು ಅಂತ ನೀವೇ ಯೋಚನೆ ಮಾಡಿ. ಅವನಿಗೆ ಆ ಆಟ ಯಾಕೆ ಇಷ್ಟ ಅಂತ ನನಗೆ ಅವತ್ತು ತಿಳಿಯಿತು. ಆ ಬಾವಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ಕನಸಿಗೆ ಯಾರು ಬೇಡ ಅಂತಾರೆ?

ತಕರಾರು ಇರುವುದು ಹಸಿವಿನ ಬಗ್ಗೆ. ಈ ಆಟ, ಮತ್ತು ಇದರ ಹಿಂದೆ ಮುಂದೆ ಬಂದ ಹತ್ತಾರು ಸರ್ವೈವಲ್ ಆಟಗಳು, ಹಸಿವು ಅನ್ನುವ ಹೆಸರಿನಲ್ಲಿ ಮಕ್ಕಳಿಗೆ ಮೂರು ಸುಳ್ಳು ಹೇಳುತ್ತಿವೆ.

ಮೊದಲನೆಯದು, ನಿಂತವನಿಗೆ ಹಸಿವಿಲ್ಲ. ಮೈನ್‌ಕ್ರಾಫ್ಟಿನಲ್ಲಿ ಗಾಯವಿಲ್ಲದ ಮನುಷ್ಯ ಒಂದು ಕೋಣೆಯಲ್ಲಿ ಸುಮ್ಮನೆ ನಿಂತರೆ ಎಷ್ಟು ದಿನವಾದರೂ ಕೋಳಿ ಕಾಲು ಕರಗುವುದಿಲ್ಲ. ನಮ್ಮ ಮೈ ಹಾಗಲ್ಲ. ಇಡೀ ದಿನ ಹಾಸಿಗೆ ಹಿಡಿದು ಮಲಗಿದರೂ ಎದೆ ಬಡಿಯಬೇಕು, ಉಸಿರಾಡಬೇಕು, ಮೈ ಬಿಸಿ ಇರಬೇಕು, ಮಿದುಳು ನಡೆಯಬೇಕು. ಸಾಧಾರಣ ಮನುಷ್ಯ ದಿನಕ್ಕೆ ಖರ್ಚು ಮಾಡುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದಕ್ಕೇ ಹೋಗುತ್ತದೆ. ಕೆಲಸ ಸಿಗದೆ ಕಟ್ಟೆ ಮೇಲೆ ಕೂತವನಿಗೂ ಹಸಿವಾಗುತ್ತದೆ. ಕಾಯಿಲೆ ಬಿದ್ದ ಮುದುಕಿಗೂ ಆಗುತ್ತದೆ. ಪಾಠ ಕೇಳುತ್ತಾ ಸುಮ್ಮನೆ ಕೂತ ಹುಡುಗಿಗೂ ಆಗುತ್ತದೆ. ಹನ್ನೊಂದು ಗಂಟೆಗೆ ಅವಳ ಕಣ್ಣು ಫಳ್ಯಾ ಮೇಲಿಂದ ಜಾರಿ ಅಡಿಗೆ ಮನೆಯ ಹೊಗೆಯ ಕಡೆ ಹೋಗುವುದು ಸೋಮಾರಿತನದಿಂದಲ್ಲ.

ಎರಡನೆಯದು, ತಿಂದರೆ ಮುಗಿಯಿತು. ಸೊನ್ನೆಗೆ ಬಂದ ಮನುಷ್ಯ ಎರಡು ತುಂಡು ಮಾಂಸ ತಿಂದರೆ ಮತ್ತೆ ಕುದುರೆ ಹಾಗೆ ಓಡುತ್ತಾನೆ. ನಿಜವಾಗಿ ಏನಾಗುತ್ತದೆ ಅನ್ನುವುದಕ್ಕೆ ದಾಖಲೆ ಇದೆ. ಎರಡನೇ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಯುದ್ಧಕ್ಕೆ ಹೋಗುವುದಿಲ್ಲ ಅಂದ 36 ಮಂದಿ ಆರೋಗ್ಯವಂತ ಯುವಕರು ತಾವಾಗಿಯೇ ಒಪ್ಪಿ ಬಂದು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಯುರೋಪಿನಲ್ಲಿ ಹಸಿದವರನ್ನು ಹೇಗೆ ಚೇತರಿಸಬೇಕು ಅಂತ ತಿಳಿಯುವುದು ಉದ್ದೇಶ. ಅವರ ತೂಕ ಕಾಲು ಭಾಗದಷ್ಟು ಇಳಿಯಿತು. ಇಳಿದದ್ದು ತೂಕ ಒಂದೇ ಅಲ್ಲ. ನಗು ಹೋಯಿತು, ಗೆಳೆತನ ಹೋಯಿತು, ಓದಿನ ಆಸೆ ಹೋಯಿತು, ಸಣ್ಣದಕ್ಕೂ ಸಿಟ್ಟು. ಎಲ್ಲರಿಗೂ ಸೆಖೆ ಅನ್ನಿಸುವಾಗ ಇವರಿಗೆ ಚಳಿ. ಹಗಲಿರುಳು ಊಟದ್ದೇ ಧ್ಯಾನ, ಕೆಲವರು ಅಡಿಗೆ ಪುಸ್ತಕ ಕೂಡಿಟ್ಟುಕೊಂಡು ಓದತೊಡಗಿದರು. ಮತ್ತೆ ಊಟ ಕೊಟ್ಟಾಗ ತಟ್ಟನೆ ಸರಿಯಾಗಲಿಲ್ಲ, ತಿಂಗಳುಗಟ್ಟಲೆ ಹಿಡಿಯಿತು. ಹೊಟ್ಟೆ ತುಂಬಿದರೂ ಹಸಿವು ಹೋಗದವರೂ ಇದ್ದರು. ಕೀಸ್ ಮತ್ತು ಸಂಗಡಿಗರು ಇದನ್ನೆಲ್ಲ 1950ರಲ್ಲಿ ಎರಡು ದಪ್ಪ ಸಂಪುಟಗಳಲ್ಲಿ ಬರೆದರು. ಒಂದು ಕೋಳಿ ಕಾಲಿನ ಚಿತ್ರದಲ್ಲಿ ಇದರಲ್ಲಿ ಎಷ್ಟು ಬಂತು ಹೇಳಿ ನೋಡೋಣ?

ಮೂರನೆಯದು ದೊಡ್ಡ ಸುಳ್ಳು. ದುಡಿದವನಿಗೆ ಊಟ ಇದ್ದೇ ಇದೆ. ಆಟದಲ್ಲಿ ಮರ ಯಾರದ್ದೂ ಅಲ್ಲ, ಹಣ್ಣು ಯಾರದ್ದೂ ಅಲ್ಲ, ಹೊಳೆಗೆ ಮಾಲೀಕನಿಲ್ಲ. ಕೈ ಚಾಚಿದರೆ ಸಿಗುತ್ತದೆ. ಆದ್ದರಿಂದ ಹಸಿದವನು ಅಂದರೆ ಕೈ ಚಾಚದವನು. ನೂಬ್! ನಮ್ಮ ಹುಡುಗ ಅಂದ ಮಾತಿನ ಬೇರು ಇಲ್ಲಿದೆ. ಇದಕ್ಕೆ ಆಮೇಲೆ ಬರುತ್ತೇನೆ.

ಈಗ ಎದುರು ಪಕ್ಷದ ವಾದ. "ಗುರುಜಿ, ಅದು ಆಟ. ಆಟದಲ್ಲಿ ನಿಜ ಯಾಕೆ ಬೇಕು? ಹಾವು ಏಣಿ ಆಡುವಾಗ ಹಾವು ಕಚ್ಚುತ್ತದೆಯೇ?" ಅಂತ ನಮ್ಮ ಶಾಲೆಯಲ್ಲೇ ಕಲಿತು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ಕೇಳಿದ. ನ್ಯಾಯವಾದ ಪ್ರಶ್ನೆ. ಅವನೇ ಇದರ ಇತಿಹಾಸವನ್ನೂ ಹೇಳಿದ. 1980ರ ರೋಗ್ ಅನ್ನುವ ಆಟದಲ್ಲಿ, ಅದರ ದಾರಿ ಹಿಡಿದು 1987ರಲ್ಲಿ ಬಂದ ನೆಟ್‌ಹ್ಯಾಕ್‌ನಲ್ಲಿ, ನೆಲಮಾಳಿಗೆಯೊಳಗೆ ಇಳಿಯುವ ವೀರನಿಗೆ ಹಸಿವಾಗುತ್ತಿತ್ತು. ಯಾಕೆ ಅಂದರೆ ಹಸಿವು ಇಲ್ಲದಿದ್ದರೆ ಆಡುವವನು ಒಂದೇ ಕಡೆ ಕೂತು ಗಾಯ ಮಾಯುವವರೆಗೆ ಕಾಯುತ್ತಾನೆ, ಮುಂದೆ ಹೋಗುವುದೇ ಇಲ್ಲ. ಅವನನ್ನು ಎಬ್ಬಿಸಿ ಮುಂದೆ ನೂಕಲು ಹಸಿವು. ಆಟ ಮಾಡುವವರ ಭಾಷೆಯಲ್ಲಿ ಇದಕ್ಕೆ ಊಟದ ಗಡಿಯಾರ ಅನ್ನುತ್ತಾರಂತೆ.

ಒಪ್ಪಿದೆ. ಆದರೆ ಗಡಿಯಾರಕ್ಕೆ ಗಡಿಯಾರ ಅನ್ನಿ. ಬಾರುಕೋಲಿಗೆ ಬಾರುಕೋಲು ಅನ್ನಿ. ಹಾವು ಏಣಿಯ ಡಬ್ಬಿಯ ಮೇಲೆ "ನಿಜವಾದ ಕಾಡಿನ ಅನುಭವ" ಅಂತ ಯಾರೂ ಅಚ್ಚು ಹಾಕುವುದಿಲ್ಲ. ಈ ಆಟಗಳ ಜಾತಿಯ ಹೆಸರೇ ಬದುಕುಳಿಯುವ ಆಟ. ನೀನು ಬದುಕುವುದು ಹೇಗೆ ಅಂತ ತೋರಿಸುತ್ತೇವೆ ಅಂತ ಹೇಳಿ ಕರೆಯುತ್ತಾರೆ. ಕರೆದ ಮೇಲೆ ಸುಳ್ಳು ಹೇಳಿದರೆ ಕೇಳಲೇಬೇಕಾಗುತ್ತದೆ. ಬೇರೆ ದಾರಿಯೂ ಇದೆ. 2021ರಲ್ಲಿ ಬಂದ ವಾಲ್ಹೈಮ್ ಅನ್ನುವ ಆಟದಲ್ಲಿ ಉಂಡರೆ ಬಲ ಹೆಚ್ಚುತ್ತದೆ, ಉಣ್ಣದಿದ್ದರೆ ಬಲ ಕಡಿಮೆ, ಹಸಿವಿನಿಂದ ಸಾವಿಲ್ಲ. ಸಬ್ನಾಟಿಕಾ ಅನ್ನುವ ಸಮುದ್ರದ ಆಟದಲ್ಲಿ ಹಸಿವು ಬಾಯಾರಿಕೆ ಬೇಡ ಅಂದವರಿಗೆ ಅವಿಲ್ಲದೆ ಆಡುವ ಆಯ್ಕೆ ಇದೆ. ಇವರು ಪ್ರಾಮಾಣಿಕರು. ಆಟಕ್ಕೆ ಹಸಿವು ಬೇಡ ಅಂದರೆ ಬಿಡಿ, ಅದರ ಹೆಸರನ್ನು ಬಾಡಿಗೆಗೆ ತರಬೇಡಿ.

ದೀಪಾವಳಿ ರಜೆಗೆ ಊರಿಗೆ ಬಂದಾಗ ಆ ವಿದ್ಯಾರ್ಥಿ ತನ್ನ ಲ್ಯಾಪ್‌ಟಾಪಿನಲ್ಲಿ ಬೇರೆ ಆಟಗಳನ್ನೂ ತೋರಿಸಿದ. "ಇವು ನಿಜಕ್ಕೆ ಹತ್ತಿರ ಇವೆ ನೋಡ್ರಿ" ಅಂದ. 2010ರ ಫಾಲ್ಔಟ್ ನ್ಯೂ ವೇಗಸ್‌ನಲ್ಲಿ ಕಠಿಣ ಬಗೆ ಆರಿಸಿಕೊಂಡರೆ ನೀರು, ಊಟ, ನಿದ್ದೆ ಮೂರಕ್ಕೂ ಬೇರೆ ಬೇರೆ ಅಳತೆ. ಗ್ರೀನ್ ಹೆಲ್ ಅನ್ನುವ ಕಾಡಿನ ಆಟದಲ್ಲಿ ಪಿಷ್ಟ, ಕೊಬ್ಬು, ಪ್ರೋಟೀನು, ನೀರು ಅಂತ ನಾಲ್ಕು ಪಟ್ಟಿ. ಡೇಝ್‌ನಲ್ಲಿ ಹೊಂಡದ ನೀರು ಹಾಗೆಯೇ ಕುಡಿದರೆ ಕಾಲರಾ. ದಿ ಲಾಂಗ್ ಡಾರ್ಕ್ ಅನ್ನುವ ಕೆನಡಾದ ಹಿಮದ ಆಟದಲ್ಲಿ ಹೊಟ್ಟೆಗೆ 2500 ಕ್ಯಾಲೊರಿ ಹಿಡಿಯುತ್ತದೆ, ಮಲಗಿದರೂ ಕರಗುತ್ತದೆ.

ಭೇಷ್, ನಿಂತವನಿಗೂ ಹಸಿವಾಗುತ್ತದೆ ಅಂತ ಒಬ್ಬರಾದರೂ ಒಪ್ಪಿದರು ಅಂದುಕೊಂಡೆ. ಆದರೆ ಅಲ್ಲಿ ಆಡುವವರು ಏನು ಮಾಡಿದರು ಗೊತ್ತೇ? ಹಸಿವಿನಿಂದ ಜೀವ ನಿಧಾನವಾಗಿ ಇಳಿಯುತ್ತದೆ, ನಿದ್ದೆಯಲ್ಲಿ ಅದು ಮತ್ತೆ ಏರುತ್ತದೆ ಅನ್ನುವ ಲೆಕ್ಕ ಕಂಡುಹಿಡಿದರು. ಇಡೀ ದಿನ ಖಾಲಿ ಹೊಟ್ಟೆಯಲ್ಲಿ ಬೇಟೆಯಾಡುವುದು, ಮಲಗುವ ಮುಂಚೆ ಮಾತ್ರ ಸ್ವಲ್ಪ ತಿನ್ನುವುದು. ಅದೇ ಜಾಣತನ ಅಂತ ಒಬ್ಬರಿಗೊಬ್ಬರು ಹೇಳಿಕೊಟ್ಟರು. ಕೊನೆಗೆ ಆಟ ಮಾಡಿದವರೇ, ಮೂರು ದಿನ ಹೊಟ್ಟೆ ಖಾಲಿ ಬಿಡದೆ ಇದ್ದವನಿಗೆ ಹೆಚ್ಚು ಭಾರ ಹೊರುವ ಶಕ್ತಿ ಅಂತ ಬಹುಮಾನ ಇಟ್ಟು ಸರಿಮಾಡಬೇಕಾಯಿತು. ನೋಡಿ, ಪಟ್ಟಿ ಒಂದಿರಲಿ ನಾಲ್ಕಿರಲಿ, ಅಂಕ ಅನ್ನುವುದು ಕೊನೆಗೆ ಉಳಿತಾಯದ ಲೆಕ್ಕವಾಗುತ್ತದೆ. ಮಿನೆಸೋಟದ ಆ ಯುವಕರಿಗೆ ಹೋಗಿ ಹಗಲು ಹಸಿದಿದ್ದು ರಾತ್ರಿ ತಿನ್ನುವುದು ಜಾಣತನ ಅಂತ ಹೇಳಿ ನೋಡಬೇಕಿತ್ತು!

ಈಗ ಆ ಮೂರನೇ ಸುಳ್ಳಿಗೆ ಬರುತ್ತೇನೆ. ಪಟ್ಟಿ ಎಷ್ಟು ಹೆಚ್ಚಿಸಿದರೂ ಈ ಸುಳ್ಳು ಹೋಗುವುದಿಲ್ಲ, ಯಾಕೆಂದರೆ ಇದು ಹೊಟ್ಟೆಯ ಒಳಗಿನ ವಿಷಯವಲ್ಲ. ಹಸಿವು ಮನುಷ್ಯರ ನಡುವೆ ಇರುವ ವಿಷಯ.

ಬಂಗಾಳದ 1943ರ ಕ್ಷಾಮದಲ್ಲಿ ಇಪ್ಪತ್ತು ಮೂವತ್ತು ಲಕ್ಷ ಜನ ಸತ್ತರು. ಆಗ ಹುಡುಗನಾಗಿ ಅದನ್ನು ಕಣ್ಣಾರೆ ಕಂಡ ಅಮರ್ತ್ಯ ಸೇನ್ ಮುಂದೆ ಲೆಕ್ಕ ತೆಗೆದು 1981ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದೇನು? ಆ ವರ್ಷ ಬಂಗಾಳದಲ್ಲಿ ಅಕ್ಕಿ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಶೇಕಡಾ 5ರಷ್ಟು ಮಾತ್ರ ಕಡಿಮೆಯಿತ್ತು. ಎರಡು ವರ್ಷ ಹಿಂದಿನ 1941ಕ್ಕಿಂತ ಹೆಚ್ಚೇ ಇತ್ತು. ಅಕ್ಕಿ ಇತ್ತು, ಕೊಳ್ಳುವ ಶಕ್ತಿ ಇರಲಿಲ್ಲ. ಯುದ್ಧದ ಕಾಲದ ಬೆಲೆ ಏರಿತು, ಕೂಲಿ ಏರಲಿಲ್ಲ. ಸತ್ತವರು ಕೂಲಿಗಳು, ಮೀನುಗಾರರು, ದುಡಿಯುವ ಕೈಗಳು. ಅವರಲ್ಲಿ ಯಾರು ನೂಬ್? ಯಾವ ಮರ ಕಡಿದಿದ್ದರೆ, ಯಾವ ತೆಗ್ಗು ತೋಡಿದ್ದರೆ ಅವರು ಉಳಿಯುತ್ತಿದ್ದರು?

ನಮ್ಮದೇ ಜಿಲ್ಲೆಗೆ ಬನ್ನಿ. 2016ರ ಏಪ್ರಿಲಿನಲ್ಲಿ ನಮ್ಮ ಸಾಂಗ್ಲಿ ಜಿಲ್ಲೆಯ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋಯಿತು, ನೆನಪಿದೆಯೇ? ಮೊದಲ ಗಾಡಿಯಲ್ಲಿ ಹತ್ತು ಡಬ್ಬಿ, 5 ಲಕ್ಷ ಲೀಟರು. ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಅದಕ್ಕೂ ಮುಂಚೆ ಲಾತೂರಿನಲ್ಲಿ ನೀರಿನ ಟಾಕಿಗಳ ಸುತ್ತ ಜನ ಗುಂಪು ಕೂಡಬಾರದು ಅಂತ 144ನೇ ಕಲಮು ಹಾಕಿದ್ದರು. ಬಾಯಾರಿಕೆಗೆ ಕಲಮು! ಯಾವ ಆಟದಲ್ಲಿದೆ ಇದು? ಕೃಷ್ಣೆ ಹರಿಯುವ ಅದೇ ಜಿಲ್ಲೆಯ ಮೂಡಣ ತುದಿಯಲ್ಲಿರುವ ನಮ್ಮ ತಾಲೂಕಿನ ಹಳ್ಳಿಗಳು, ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಅಂತ 2012ರಲ್ಲಿ ಠರಾವು ಮಾಡಿದ್ದವು. ನಾನು ಆ ರಾಜಕಾರಣಕ್ಕೆ ಇಲ್ಲಿ ಹೋಗುವುದಿಲ್ಲ. ಹೇಳುವುದಿಷ್ಟೇ, ನಮ್ಮ ಕಡೆ ಬಾಯಾರಿಕೆ ಅಂದರೆ ಗಂಟಲಿನ ಪಟ್ಟಿಯಲ್ಲ. ಯಾವ ಕಾಲುವೆ ಯಾವ ಕಡೆ ತಿರುಗಿತು, ಟ್ಯಾಂಕರು ಯಾವ ಓಣಿಗೆ ಮೊದಲು ಬಂತು, ಕೊಡ ಹೊತ್ತು ಹೋಗಲು ಯಾವ ಮಗಳು ಶಾಲೆ ಬಿಟ್ಟಳು, ಇವೆಲ್ಲ ಸೇರಿ ಬಾಯಾರಿಕೆ.

ಹಾಗಾದರೆ 1972ರಲ್ಲಿ ಜನರನ್ನು ಉಳಿಸಿದ್ದು ಏನು? ಒಬ್ಬೊಬ್ಬರ ಚಾಲಾಕಿತನವಲ್ಲ. ಸರಕಾರ ಊರೂರಲ್ಲಿ ತೆರೆದ ಕೆಲಸ, ಕೊಟ್ಟ ಕೂಲಿ, ಹಂಚಿದ ಸುಕಡಿ. ಅದಕ್ಕಾಗಿ ಜನ ಮೋರ್ಚಾ ತೆಗೆದರು, ಕೇಳಿದರು, ಪಡೆದರು. ಕೆಲಸ ಕೇಳಿದವನಿಗೆ ಕೆಲಸ ಕೊಡಲೇಬೇಕು ಅನ್ನುವ ಮಹಾರಾಷ್ಟ್ರದ 1977ರ ಕಾಯ್ದೆ ಆ ಬರದಿಂದ ಹುಟ್ಟಿದ್ದು. 2005ರಲ್ಲಿ ಇಡೀ ದೇಶ ಅಂಥದೊಂದು ಕಾಯ್ದೆ ಮಾಡುವಾಗ ಅದೇ ಮಾದರಿ. ನಮ್ಮ ಮಕ್ಕಳ ತಾಟಿನಲ್ಲಿರುವ ಖಿಚಡಿಯೂ ಹಾಗೆಯೇ ಬಂದದ್ದು. ಬೇಯಿಸಿದ ಬಿಸಿ ಊಟವನ್ನೇ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ಆರರಿಂದ ಎಂಟನೇ ಇಯತ್ತೆಯ ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯ, 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು. ಇದು ದಾನವಲ್ಲ, ಹಕ್ಕು. ಆ ಹಕ್ಕಿನ ಸಾಲಿನಲ್ಲಿ ನಿಂತ ಹುಡುಗಿಗೆ ನೂಬ್ ಅಂದರೆ ನನಗೆ ಸಿಟ್ಟು ಬರಬಾರದೇ?

ಆಟದಲ್ಲಿ ಇದನ್ನೆಲ್ಲ ತರಲು ಆಗುವುದಿಲ್ಲ ಅನ್ನುವವರಿಗೆ ಎರಡು ಉದಾಹರಣೆ ಕೊಡುತ್ತೇನೆ.

ಒಂದು ನಮ್ಮ ವೃತ್ತಿಯವರದ್ದೇ. 1971ರಲ್ಲಿ, ಅದೇ ಮಿನೆಸೋಟ ರಾಜ್ಯದಲ್ಲಿ, ಡಾನ್ ರಾವಿಚ್ ಅನ್ನುವ ಶಿಕ್ಷಕ ವಿದ್ಯಾರ್ಥಿ ಇತಿಹಾಸದ ಪಾಠಕ್ಕಾಗಿ ತನ್ನ ಇಬ್ಬರು ಗೆಳೆಯರ ಜೊತೆ ಸೇರಿ ಒರೆಗಾನ್ ಟ್ರೇಲ್ ಅನ್ನುವ ಆಟ ಮಾಡಿದ. ಆಗ ಪರದೆಯೂ ಇರಲಿಲ್ಲ, ಕಾಗದದ ಮೇಲೆ ಟೈಪ್ ಆಗಿ ಬರುತ್ತಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಎತ್ತಿನ ಬಂಡಿ ಕಟ್ಟಿಕೊಂಡು ಎರಡು ಸಾವಿರ ಮೈಲಿ ಪಡುವಣಕ್ಕೆ ಗುಳೆ ಹೋದವರ ಕತೆ. ಅಲ್ಲಿ ಹಸಿವು ಒಬ್ಬನದ್ದಲ್ಲ, ಒಂದು ಕುಟುಂಬದ್ದು. ಕೈಯಲ್ಲಿರುವ ಹಣದಲ್ಲಿ ಎತ್ತಿಗೆಷ್ಟು, ಬಟ್ಟೆಗೆಷ್ಟು, ಔಷಧಿಗೆಷ್ಟು, ಊಟಕ್ಕೆಷ್ಟು ಅಂತ ಹೊರಡುವ ಮುಂಚೆಯೇ ಲೆಕ್ಕ ಹಾಕಬೇಕು. ದಾರಿಯಲ್ಲಿ ಪ್ರತಿ ಸಲ ಇವತ್ತು ಅರೆಹೊಟ್ಟೆಯೋ, ಸಾಧಾರಣವೋ, ಹೊಟ್ಟೆ ತುಂಬವೋ ಅಂತ ಆರಿಸಬೇಕು. ಆ ನಾಡಿನ ಮೂಲ ಜನರ ಕತೆಯನ್ನು ಅದು ಸರಿಯಾಗಿ ಹೇಳಲಿಲ್ಲ ಅನ್ನುವ ದೂರು ಇದೆ, ದೂರಿನಲ್ಲಿ ಸತ್ಯವೂ ಇದೆ. ಆದರೂ ನಮ್ಮ ಕಬ್ಬು ಕಡಿಯುವ ಮನೆಯ ಯಾವ ತಾಯಿಗೆ ತೋರಿಸಿದರೂ ಆ ಲೆಕ್ಕ ತಟ್ಟನೆ ತಿಳಿಯುತ್ತದೆ. ಉಚಲ್ ತೆಗೆದುಕೊಂಡು, ಆರು ತಿಂಗಳಿಗೆ ಜೋಳ ಕಟ್ಟಿಕೊಂಡು ಬಂಡಿ ಹತ್ತುವವಳು ಅವಳು.

ಇನ್ನೊಂದು ಪೋಲೆಂಡಿನದ್ದು. 2014ರ ದಿಸ್ ವಾರ್ ಆಫ್ ಮೈನ್. 1990ರ ದಶಕದಲ್ಲಿ ಸರಾಯೆವೊ ನಗರಕ್ಕೆ ಬಿದ್ದ ಮುತ್ತಿಗೆಯಿಂದ ಪ್ರೇರಣೆ ಪಡೆದು ಮಾಡಿದ ಆಟ. ಬಂದೂಕು ಹಿಡಿದ ಸೈನಿಕನಾಗಿ ಆಡುವುದಲ್ಲ, ಮುರಿದ ಮನೆಯಲ್ಲಿ ಅಡಗಿದ ಸಾಮಾನ್ಯ ಜನರಾಗಿ ಆಡುವುದು. ಬೇಯಿಸಿದ್ದು ಒಬ್ಬರಿಗೆ ಸಾಕಾಗುವಷ್ಟು, ಹಸಿದವರು ಮೂವರು. ಯಾರಿಗೆ ಕೊಡುತ್ತೀ? ರಾತ್ರಿ ಹೊರಗೆ ಹೋದರೆ ಒಂದು ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ, ಅವರ ಕಪಾಟಿನಲ್ಲಿ ಊಟ. ತರುತ್ತೀಯಾ? ತಂದರೆ ಹೊಟ್ಟೆ ತುಂಬುತ್ತದೆ, ಆದರೆ ತಂದವನು ಮರುದಿನ ಮುಖ ಬಾಡಿಸಿಕೊಂಡು ಕೂರುತ್ತಾನೆ. ಅಲ್ಲಿ ಹಸಿವಿನ ಅಂಕದ ಪಟ್ಟಿ ಪರದೆಯ ಮೇಲೆ ಇಲ್ಲ. ಹಸಿದಿದ್ದಾನೆ, ತುಂಬ ಹಸಿದಿದ್ದಾನೆ ಅಂತ ಒಂದೆರಡು ಶಬ್ದ, ಮತ್ತು ಬಗ್ಗಿ ನಡೆಯುವ ಮನುಷ್ಯ. ಅಷ್ಟೇ ಸಾಕು. ಪೋಲೆಂಡಿನ ಸರಕಾರ 2020ರಲ್ಲಿ ಈ ಆಟವನ್ನು ಶಾಲೆಯ ಶಿಫಾರಸು ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿತು. ಹದಿನೆಂಟು ತುಂಬಿದವರಿಗೆ ಅಂತ ಗುರುತು ಹಾಕಿದ ಆಟ ಅದು, ನಮ್ಮ ಏಳನೇ ಇಯತ್ತೆಗೆ ತೋರಿಸಿ ಅಂತ ನಾನು ಹೇಳುತ್ತಿಲ್ಲ. ಮಾಡಲು ಬರುತ್ತದೆ ಅಂತ ಹೇಳುತ್ತಿದ್ದೇನೆ.

ಇಲ್ಲಿಯವರೆಗೆ ಓದಿದ ಕೆಲವು ಶಿಕ್ಷಕ ಬಂಧುಗಳು ತಲೆದೂಗಿ, "ಅದಕ್ಕೇ ಮೊಬೈಲ್ ಕಸಿದುಕೊಳ್ಳಿ ಅನ್ನೋದು" ಅನ್ನುತ್ತಿರಬಹುದು. ಅವರ ಜೊತೆಗೂ ನನಗೆ ಜಗಳ ಇದೆ. ಕಸಿದುಕೊಂಡು ಏನು ಕೊಡುತ್ತೀರಿ? ಹಸಿವಿನ ಬಗ್ಗೆ ನಮ್ಮ ಪಾಠವಾದರೂ ಏನು ಹೇಳುತ್ತದೆ? ಮಳೆ ಬರಲಿಲ್ಲ, ಬೆಳೆ ಬರಲಿಲ್ಲ, ಆದ್ದರಿಂದ ಬರ, ಎರಡು ಅಂಕ. ನಮ್ಮ ಉತ್ತರದಲ್ಲಿಯೂ ಮನುಷ್ಯರಿಲ್ಲ! ಆಟದ್ದು ಸುಳ್ಳಾದರೆ ನಮ್ಮದು ಅರ್ಧ ಸತ್ಯ. ಆ ಹುಡುಗ ಕೇಳಿದ್ದು, ನಿಜ ನೋಡಿದರೆ, ನಾನು ಇಪ್ಪತ್ತು ವರ್ಷದಲ್ಲಿ ಕೇಳಿಸಿಕೊಂಡ ಒಳ್ಳೆಯ ಪ್ರಶ್ನೆಗಳಲ್ಲಿ ಒಂದು. ಅವರು ಬಾವಿ ಯಾಕೆ ಮಾಡಿಕೊಳ್ಳಲಿಲ್ಲ? ಹೌದು, ಯಾಕೆ? ಹೊಲ ಯಾರದ್ದಿತ್ತು? ಸಾಲ ಯಾರು ಕೊಡುತ್ತಿದ್ದರು? ತೋಡಿದವರ ಬಾವಿಯಲ್ಲಿ ಯಾವ ಜಾತಿಯವರು ಕೊಡ ಇಳಿಸಬಹುದಿತ್ತು, ಯಾವ ಜಾತಿಯವರು ದೂರ ನಿಲ್ಲಬೇಕಿತ್ತು? ಈ ಪ್ರಶ್ನೆಗೆ ನಾವು ಉತ್ತರ ಕೊಟ್ಟಿದ್ದರೆ ನೂಬ್ ಅನ್ನುವ ಮಾತು ಅವನ ಬಾಯಿಗೆ ಬರುತ್ತಿತ್ತೇ?

ಅದಕ್ಕೆ ನಾನು ಒಂದು ಕೆಲಸ ಮಾಡಿದೆ. ನೀವೂ ನಿಮ್ಮ ಶಾಲೆಯಲ್ಲಿ ಮಾಡಿ ನೋಡಿ, ಕಂಪ್ಯೂಟರೂ ಬೇಡ, ಕರೆಂಟೂ ಬೇಡ. ವರ್ಗದಲ್ಲಿ ಆರಾರು ಮಕ್ಕಳ ಗುಂಪು ಮಾಡಿದೆ, ಒಂದೊಂದು ಗುಂಪು ಒಂದು ಮನೆ. ಪ್ರತಿ ಮನೆಗೂ ಹುಣಸೆ ಬೀಜಗಳು, ಅವೇ ನೀರಿನ ಕೊಡ. ನಿಯಮ ನಾಲ್ಕು. ನಿಂತರೂ ಮಲಗಿದರೂ ದಿನಕ್ಕೆ ತಲೆಗೆ ಒಂದು ಬೀಜ ಹೋಗುತ್ತದೆ. ಟ್ಯಾಂಕರು ಯಾವ ದಿನ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ, ಚೀಟಿ ಎತ್ತಬೇಕು. ಬಂದಾಗ ಮನೆಯಲ್ಲಿ ಒಬ್ಬರು ಇರಲೇಬೇಕು, ಇದ್ದವರಿಗೆ ಅವತ್ತು ಕೂಲಿಯೂ ಇಲ್ಲ ಶಾಲೆಯೂ ಇಲ್ಲ. ಕೊನೆಯ ನಿಯಮ, ಬಾವಿ ಒಂದೇ, ಅದು ಒಂದೇ ಮನೆಯವರದ್ದು, ಕೊಡುವುದು ಬಿಡುವುದು ಅವರ ಇಷ್ಟ.

ಮೊದಲ ಹತ್ತು ನಿಮಿಷ ನಗು. ಆಮೇಲೆ ಜಗಳ. ಬಾವಿ ಮನೆಯವರು ಮೊದಲು ಯಾರಿಗೂ ಕೊಡಲಿಲ್ಲ, ಒಂದು ಕೊಡಕ್ಕೆ ಒಂದು ದಿನದ ಕೂಲಿ ಅಂದರು. ಟ್ಯಾಂಕರಿಗೆ ಕಾಯಲು ಯಾರನ್ನು ಮನೆಯಲ್ಲಿ ನಿಲ್ಲಿಸಿದರು ಊಹಿಸಿ? ಎಲ್ಲ ಮನೆಗಳೂ ಹುಡುಗಿಯನ್ನೇ ನಿಲ್ಲಿಸಿದವು. ನಾನು ಹೇಳಿರಲಿಲ್ಲ. ಹದಿನೈದನೇ ದಿನದ ಹೊತ್ತಿಗೆ ಎರಡು ಮನೆ ಖಾಲಿಯಾದವು. ಅವುಗಳಲ್ಲಿ ಒಂದು, ಎರಡು ಬಕೆಟ್ ಬಾವಿಯ ಹುಡುಗನ ಮನೆ. ಅವನು ಎದ್ದು ನಿಂತು, "ಗುರುಜಿ, ಇದು ಮೋಸ. ನಾವು ಎಲ್ಲಾ ಕೆಲಸ ಬರೋಬರಿ ಮಾಡೇವಿ!" ಅಂದ.

ಹೌದಪ್ಪಾ ತಮ್ಮಾ, ಮಾಡಿದ್ದೀರಿ. ಅದೇ ಪಾಠ ಅಂದೆ.

ನಮ್ಮಲ್ಲಿ ಕಲಿತು ಪುಣೆ, ಬೆಂಗಳೂರು, ಹೈದರಾಬಾದಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಗಡಿನಾಡ ಮಕ್ಕಳೇ, ನಿಮಗೊಂದು ಮಾತು. ಹಿಮದ ಕಾಡು, ಸಮುದ್ರದ ತಳ, ದೆವ್ವಗಳ ಊರು, ಎಲ್ಲದರ ಮೇಲೂ ಬದುಕುಳಿಯುವ ಆಟ ಬಂದಾಗಿದೆ. ಒಂದು ನೀಲಿ ಬ್ಯಾರೆಲ್, ಒಂದು ಟ್ಯಾಂಕರು, ಒಂದು ಓಣಿ, ಇದರ ಆಟ ಯಾರು ಮಾಡುತ್ತಾರೆ? ಆ ಬ್ಯಾರೆಲ್ಲಿನ ತಳ ಕಂಡವರು ನೀವು. ನಿಯಮ ನಿಮಗೆ ಗೊತ್ತಿದೆ. ಮಾಡಿದರೆ ಕನ್ನಡದಲ್ಲಿ ಮಾಡಿ, ನಮ್ಮ ಮಕ್ಕಳು ಮೊದಲು ಆಡಲಿ.

ಇನ್ನು ಖಿಚಡಿಯ ವಿಷಯ. ಆ ಹುಡುಗನಿಗೆ ನಾನು ಬೈಯಲಿಲ್ಲ. ಬೈದಿದ್ದರೆ ಎಲ್ಲರ ಕಣ್ಣು ಮತ್ತೆ ಆ ಹುಡುಗಿಯ ತಾಟಿನ ಮೇಲೆಯೇ ಬೀಳುತ್ತಿತ್ತು. ಈಗ ಪದ್ಧತಿ ಬದಲಿಸಿದ್ದೇವೆ. ಎರಡನೇ ಸಲ ಯಾರೂ ಎದ್ದು ಬರಬೇಕಾಗಿಲ್ಲ. ಬಡಿಸುವವರೇ ಪಾತ್ರೆ ಹಿಡಿದು ಸಾಲಿನ ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಹೋಗುತ್ತಾರೆ, ಮುಖ್ಯ ಗುರುಗಳ ಮಗನಿಗೂ ಕೇಳುತ್ತಾರೆ, ನನಗೂ ಕೇಳುತ್ತಾರೆ. ಬೇಡ ಅಂದವರು ಕೈ ಅಡ್ಡ ಹಿಡಿಯಬೇಕು.

ನಿನ್ನೆ ಅವಳು ಕೈ ಅಡ್ಡ ಹಿಡಿಯಲಿಲ್ಲ.